ಕೆಳಗಿನ ಮನೆಯ ಬಾನಿ

ಎರ್ಲನ್‌ಗ್ರುಂಡಿನಲ್ಲಿ ತೊಟ್ಟಿಲಲ್ಲಿ ಕೂಸು ಮಲಗಿದ್ದರೂ ಯಾರೂ ದನಿ ತಗ್ಗಿಸುವುದಿಲ್ಲ. ಆದರೆ ಊರ ಬಿಯರ್ ಮನೆಯಲ್ಲಿ ಕುದಿದ ಬಾರ್ಲಿ ರಸವನ್ನು ತೊಟ್ಟಿಗೆ ಬಿಟ್ಟರೆ ಸಾಕು, ದನದ ಜೊತೆಗೂ ಕೂಗಾಡಿಕೊಂಡೇ ಮಾತಾಡುವ ಗಂಡಸರು ಪಿಸುಗುಡತೊಡಗುತ್ತಾರೆ. ರಸ ಮಲಗಿದೆ ಎನ್ನುತ್ತಾರೆ. ಮಲಗಿದ ರಸವನ್ನು ಮುಟ್ಟಬಾರದು, ಅಲುಗಿಸಬಾರದು, ಅದರೆದುರು ಜಗಳ ಕಾಯಬಾರದು. ಇವಿಷ್ಟನ್ನೂ ಒಂದೇ ದಿನ ಮಾಡಿದವಳು ಕೆಳಗಿನ ಮನೆಯ ವಾಲ್ಬುರ್ಗಾ.

ನಮ್ಮೂರಲ್ಲಿ ಬಿಯರ್ ಮಾಡುವ ಹಕ್ಕು ಏಳು ಮನೆಗಳಿಗಿದೆ. ಏಳೂ ಮನೆಯವರು ಸೇರಿ ಒಂದೇ ಕೊಪ್ಪರಿಗೆಯಲ್ಲಿ ರಸ ಕುದಿಸಿ, ಕಹಿಗೆಂದು ಹಾಪ್ಸ್ ಹೂವು ಹಾಕಿ, ದೊಡ್ಡ ದುಂಡು ಮರದ ತೊಟ್ಟಿಗೆ ಬಿಡುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ತೊಟ್ಟಿಯ ಪಕ್ಕದ ನಲ್ಲಿಯಿಂದ ಅವರವರ ಪಾಲನ್ನು ಬಾನಿಗಳಲ್ಲಿ ಹಿಡಿದು ಕೈಗಾಡಿಯಲ್ಲಿ ಮನೆಗೆ ಒಯ್ದು, ಆರಿಸಿ, ಹುದುಗು ಹಾಕಿ ನೆಲದಡಿಯ ತಂಪಿನ ನೆಲಮನೆಯಲ್ಲಿಡುತ್ತಾರೆ. ಆಮೇಲೆ ಅದು ಆ ಮನೆಯ ಬಿಯರ್. ಮಗಳನ್ನು ಕೊಡುವಾಗ, ತರುವಾಗ, ಸತ್ತವರನ್ನು ಹೂಳಿ ಬಂದಾಗ, ಮನೆಯ ಮರ್ಯಾದೆಯೆಲ್ಲ ಆ ಲೋಟದಲ್ಲಿರುತ್ತದೆ.

ಬಾನಿಗಳು ಸಾಲು ನಿಲ್ಲುವುದು ಮೇಲಿನಿಂದ ಕೆಳಕ್ಕೆ. ಚರ್ಚಿನ ಪಕ್ಕದ ಮೇಲಿನ ಮನೆ ಲೊರೆನ್ಸನದು, ಅವನ ಬಾನಿ ಮೊದಲು. ಹಳ್ಳದ ದಂಡೆಯ ಕೆಳಗಿನ ಮನೆಯ ಬಾನಿ ಕೊನೆಗೆ. ಕುದಿದ ರಸದಲ್ಲಿ ಹಾಪ್ಸಿನ ಎಸಳು, ಒಡೆದ ಹಾಲಿನಂಥ ಬಾರ್ಲಿಯ ಚೂರು, ಎಲ್ಲ ಗಸಿಯಾಗಿ ತೊಟ್ಟಿಯ ತಳದುದ್ದಕ್ಕೂ ಹರಡಿ ಕೂರುತ್ತದೆ. ಮೊದಲ ಬಾನಿಗಳಿಗೆ ತಿಳಿರಸ ಬೀಳುತ್ತದೆ. ಕೊನೆಯ ಬಾನಿಗೆ ಬರುವ ಹೊತ್ತಿಗೆ ನಲ್ಲಿ ಕೆಮ್ಮುತ್ತದೆ. ಆಗ ಒಬ್ಬ ತೊಟ್ಟಿಯ ಹಿಂಬದಿಗೆ ಬೆಣೆ ಕೊಟ್ಟು ಎತ್ತುತ್ತಾನೆ, ತಳದ ಗಸಿಯೆಲ್ಲ ದಡದಡನೆ ಕೆಳಗಿನ ಮನೆಯ ಪಾಲಿಗೆ ಇಳಿಯುತ್ತದೆ. ಆ ಮನೆಯ ಬಿಯರ್ ಕೆಸರುಬಣ್ಣ, ಕುಡಿದರೆ ಕಹಿ ನಾಲಿಗೆಯ ಬುಡ ಬಿಟ್ಟು ಹೋಗುವುದಿಲ್ಲ. ಯಾಕೆ ಹೀಗೆ ಎಂದು ಕೇಳಿದರೆ ಊರಿನ ಉತ್ತರ ಸಿದ್ಧವಾಗಿತ್ತು: ತೊಟ್ಟಿ ಒಂದೇ, ರಸ ಒಂದೇ, ಕೆಟ್ಟಿರುವುದು ಅವರ ನೆಲಮನೆ.

ವಾಲ್ಬುರ್ಗಾ ನಮ್ಮೂರಲ್ಲಿ ಹುಟ್ಟಿದವಳಲ್ಲ. ಯುದ್ಧ ಮುಗಿದ ಮರುವರ್ಷ ಗಡಿಯಾಚೆಯಿಂದ ಹೊರದಬ್ಬಿಸಿಕೊಂಡು ಬಂದವರಲ್ಲಿ ಒಬ್ಬಳು. ಆಗ ಅವಳಿಗೆ ಹನ್ನೆರಡು. ತಾಯಿ, ಮಗಳು, ಒಂದು ಮರದ ಪೆಟ್ಟಿಗೆ. ಸರ್ಕಾರದವರು ಇಬ್ಬರನ್ನೂ ಲೊರೆನ್ಸನ ಅಪ್ಪನ ಮನೆಯ ಕೊಟ್ಟಿಗೆಯ ಅಟ್ಟದ ಮೇಲೆ ಇರಿಸಿದರು. ಆಚೆಯವರು ಹಿತ್ತಲ ಬಾಗಿಲಿನಿಂದ ಬರಬೇಕೆಂದು ಲೊರೆನ್ಸನ ಅಜ್ಜಿ ಹೇಳಿದಳು. ತಾಯಿ ತಲೆ ತಗ್ಗಿಸಿ ಹಿತ್ತಲಿಗೆ ಹೋದಳು. ಹುಡುಗಿ ಮುಂಬಾಗಿಲಿನಿಂದಲೇ ಬಂದಳು, ಏಟು ತಿಂದಳು, ಮರುದಿನವೂ ಮುಂಬಾಗಿಲಿನಿಂದಲೇ ಬಂದಳು. ಕೊನೆಗೆ ಅಜ್ಜಿಗೇ ಕೈ ಸೋತಿತು. ಆಗ ಹದಿನೈದರ ಹುಡುಗನಾಗಿದ್ದ ಲೊರೆನ್ಸ್ ಇದನ್ನೆಲ್ಲ ನೋಡಿದ್ದ, ಮರೆತಿರಲಿಲ್ಲ.

ಅವಳು ಮದುವೆಯಾದದ್ದು ಕೆಳಗಿನ ಮನೆಯ ಯೋರ್ಗನನ್ನು. ಹಕ್ಕಿನ ಮನೆಗೆ ಆಚೆಯವಳು ಸೊಸೆಯಾಗಿ ಬಂದಳೆಂದು ಊರು ಮೂಗು ಮುರಿಯಿತು, ಹೇಗೂ ಕೆಳಗಿನ ಮನೆ ತಾನೇ ಎಂದು ಸಮಾಧಾನ ಮಾಡಿಕೊಂಡಿತು. ಯೋರ್ಗ್ ಹಸುವಿನಂಥ ಮನುಷ್ಯ. ನಾವು ಯಾಕೆ ಯಾವಾಗಲೂ ಕೊನೆ ಎಂದು ಹೆಂಡತಿ ಕೇಳಿದರೆ, "ನಾವು ಕೆಳಗಿನ ಮನೆಯವರಲ್ವೇನೇ?" ಅನ್ನುತ್ತಿದ್ದ, ಹಳ್ಳ ಯಾಕೆ ಇಳಿಜಾರಿಗೆ ಹರಿಯುತ್ತದೆ ಎಂದು ಯಾರೋ ಕೇಳಿದ ಹಾಗೆ. "ನಮ್ಮ ಬಿಯರಿಗೆ ಲೋಟದ ಜೊತೆ ಚಮಚನೂ ಕೊಡ್ಬೇಕು ನೋಡು" ಎಂದು ತಾನೇ ನಗಾಡಿ, ತಾನೇ ಆ ಕೆಸರನ್ನು ಬದುಕಿಡೀ ಕುಡಿದ.

ಅವನು ಸತ್ತದ್ದು ಬೇಸಿಗೆ ಕೊನೆಯ ಸುಗ್ಗಿಯ ಹೊತ್ತಿಗೆ. ಹೂಳಿ ಬಂದವರಿಗೆ ಊಟ ಬಡಿಸಿ ಮನೆಯ ಬಿಯರ್ ಸುರಿದಾಗ ಗಂಡಸರೆಲ್ಲ ಲೋಟ ಎತ್ತಿದರು, ತುಟಿಗೆ ತಾಗಿಸಿದರು, ಮೇಜಿನ ಮೇಲಿಟ್ಟರು. ಯಾರೂ ಎರಡನೇ ಗುಟುಕು ತೆಗೆದುಕೊಳ್ಳಲಿಲ್ಲ. ಲೊರೆನ್ಸ್ ಎದ್ದುಹೋಗಿ ತನ್ನ ಮನೆಯಿಂದ ಒಂದು ಪೀಪಾಯಿ ಉರುಳಿಸಿಕೊಂಡು ಬಂದ. "ಪಾಪ, ಯೋರ್ಗನ್ನ ಬಾಯಿ ಒಣಗಿಸಿ ಕಳಿಸೋಕಾಗುತ್ತಾ" ಅಂದ. ಒಳ್ಳೆಯ ಮನಸ್ಸಿನಿಂದಲೇ ತಂದಿರಬಹುದು. ಊಟದ ಮನೆಯಲ್ಲಿ ನಗು, ಮಾತು, ಹಾಡು ಎಲ್ಲ ಶುರುವಾಯಿತು. ವಾಲ್ಬುರ್ಗಾ ಅಡುಗೆಮನೆಗೆ ಹೋಗಿ, ತನ್ನ ಗಂಡನನ್ನು ಇನ್ನೊಬ್ಬರ ಬಿಯರಿನಿಂದ ಕಳಿಸಿಕೊಡಬೇಕಾಯಿತಲ್ಲ ಎಂದು ಹಲ್ಲು ಕಚ್ಚಿ ಅತ್ತಳು. ಸಾವಿಗೆ ಅಷ್ಟು ಅತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಗಸಗಸೆಯಿಂದ. ಅವಳ ತವರಿನ ಕಡೆ ಗಸಗಸೆ ಹೂರಣದ ರೊಟ್ಟಿಯಿಲ್ಲದೆ ಭಾನುವಾರ ಆಗುವುದಿಲ್ಲ. ಬಿಳಿ ಬೋಗುಣಿಯಲ್ಲಿ ಗಸಗಸೆ ಹಾಕಿ, ನೀರು ಬಿಟ್ಟು, ಅಕ್ಕಿ ಗಾಳಿಸುವ ಹಾಗೆ ಗರಗರ ತಿರುಗಿಸಿ ಮೇಲೆ ತೇಲಿದ ಕಾಳನ್ನು ಬಸಿಯುತ್ತಿದ್ದಳು. ತಾಯಿ ಮಾಡುತ್ತಿದ್ದಳು, ಇವಳೂ ಮಾಡುತ್ತಿದ್ದಳು, ಯಾವತ್ತೂ ಬೋಗುಣಿಯ ಒಳಗೆ ನೋಡಿರಲಿಲ್ಲ. ಅಂದು ನೋಡಿದಳು. ನೀರು ಸುತ್ತು ನಿಲ್ಲಿಸುತ್ತ ಬಂದಂತೆ ಮಣ್ಣುಮರಳೆಲ್ಲ ನಡುವಿಗೆ ಬಂದು ಗುಡ್ಡೆಯಾಗಿ ಕೂತಿತ್ತು. ಅಂಚಿನ ಕಡೆ ಒಂದು ಹರಳೂ ಇರಲಿಲ್ಲ. ಬೋಗುಣಿ ದುಂಡು, ತೊಟ್ಟಿಯೂ ದುಂಡು, ನಲ್ಲಿ ಇರುವುದು ಅಂಚಿನಲ್ಲಿ. ವಾಲ್ಬುರ್ಗಾ ಒದ್ದೆ ಕೈಯಲ್ಲೇ ನಿಂತುಬಿಟ್ಟಳು. ಆಮೇಲೆ ಕಾಫಿ ಚರಟವನ್ನು ಬಕೆಟ್ಟಿಗೆ ಸುರಿದು ತಿರುಗಿಸಿದಳು, ಹೊಟ್ಟನ್ನು ನೆನೆಸಿ ಬಾನಿಯಲ್ಲಿ ತಿರುಗಿಸಿದಳು. ಅಡುಗೆಮನೆಯೆಲ್ಲ ಕೊಚ್ಚೆಯಾಯಿತು. ಆ ಭಾನುವಾರ ರೊಟ್ಟಿ ಆಗಲಿಲ್ಲ.

ಆ ಶರತ್ಕಾಲದ ಬಿಯರಿಗೆ ಅವಳು ಕೇಳಿಯೇ ಮಾಡಬೇಕೆಂದು ಹೊರಟಳು.

"ಲೊರೆನ್ಸ್, ರಸ ಇಳಿದ್ಮೇಲೆ ಒಂದ್ಸಲ ಜೋರಾಗಿ ಸುತ್ತ ತಿರುಗಿಸ್ಬೇಕು. ಗಸಿಯೆಲ್ಲ ನಡುವೆ ಕೂರುತ್ತೆ."

"ರಸ ಏನು ನಿನ್ನ ಮಜ್ಜಿಗೆನಾ, ಕಡೆಯೋಕೆ?" ಅಂದ ಲೊರೆನ್ಸ್. "ಮಲಗೋದನ್ನ ಎಬ್ಬಿಸ್ತಾರಾ ಯಾರಾದ್ರೂ?"

ಮಲಗಿಸುವುದು ಅವನ ಕೆಲಸವಾಗಿತ್ತು. ರಸವೆಲ್ಲ ತೊಟ್ಟಿಗಿಳಿದ ಮೇಲೆ ಲೊರೆನ್ಸ್ ಹೊರಗೆ ಹೋಗಿ ತನ್ನ ಕಪ್ಪು ಟೋಪಿ ಹಾಕಿಕೊಂಡು ಬಂದು, ಉದ್ದನೆಯ ಮರದ ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ರಸದಲ್ಲಿ ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಶಿಲುಬೆ ಎಳೆಯುತ್ತಿದ್ದ. ದೇವರು ಕಾಯಲಿ ಎನ್ನುತ್ತಿದ್ದ. ಆಮೇಲೆ ಪಿಸುಮಾತು. ಅವನಪ್ಪನೂ ಹೀಗೇ ಮಾಡಿದ್ದ, ಅಜ್ಜನೂ ಮಾಡಿದ್ದ.

ಆ ಬಿಯರಿನ ದಿನವೂ ರಸ ಇಳಿದ ಮೇಲೆ ಟೋಪಿ ತರಲು ಲೊರೆನ್ಸ್ ಹೊರಗೆ ಹೋದದ್ದೇ ತಡ, ವಾಲ್ಬುರ್ಗಾ ಹುಟ್ಟು ಎತ್ತಿಕೊಂಡು ತೊಟ್ಟಿಯ ಸುತ್ತ ನಡೆಯತೊಡಗಿದಳು. ರಸ ಮೊದಲು ಒಲ್ಲೆ ಎಂದಿತು, ಆಮೇಲೆ ಅವಳ ಜೊತೆ ಬಂತು, ಆಮೇಲೆ ಅವಳಿಗಿಂತ ಮುಂದೆ ಓಡಿತು. ನಡುವೆ ಕುಳಿ ಬಿತ್ತು. ಅಷ್ಟರಲ್ಲಿ ಲೊರೆನ್ಸ್ ಬಂದ. ತಿರುಗುವ ರಸ ನೋಡಿ ಅವನ ಮುಖ ಸುಣ್ಣವಾಯಿತು. ಅವಳ ಕೈಯಿಂದ ಹುಟ್ಟು ಕಿತ್ತು, ದೆವ್ವ ಬಿಡಿಸುವವನ ಹಾಗೆ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ, ಸಾಲದೆ ಮತ್ತೊಮ್ಮೆ ಶಿಲುಬೆ ಎಳೆದ. ಸುತ್ತುವ ರಸಕ್ಕೆ ಹುಟ್ಟು ಅಡ್ಡಹಾಯ್ದು, ಗಸಿಯೆಲ್ಲ ಭುಸುಭುಸು ಮೇಲೆದ್ದಿತು. ಆ ವರ್ಷ ಏಳೂ ಮನೆಗಳ ಬಾನಿಗೆ ಕೆಸರು ಬಿತ್ತು. ಮೇಲಿನ ಮನೆಯವರು ಚಳಿಗಾಲವೆಲ್ಲ ಮುಖ ಕಿವುಚಿಕೊಂಡು ಕುಡಿದರು.

ಹಾಳು ಮಾಡಿದ್ದು ಯಾರೆಂದು ಕೇಳಬೇಕೆ? ಊರೆಲ್ಲ ಆಚೆಯವಳು ಎಂದಿತು. ಮೂವತ್ತು ವರ್ಷದ ಮೇಲೂ ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಲೊರೆನ್ಸನ ಹೆಂಡತಿ ಬಾಬೆಟ್ ಮಾತ್ರ, ಅದೂ ಮನೆಯೊಳಗೆ, ಅವನಿಗೆ ಹೇಳಿದಳಂತೆ: "ಅವಳು ತಿರುಗಿಸ್ದಾಗ ನಡುವೆ ಒಟ್ಟಾಗ್ತಿತ್ತು ಕಣೋ. ನಾನು ಕಣ್ಣಾರೆ ಕಂಡೆ. ನೀನು ಹೋಗಿ ಇರಿದೆ."

"ಶಿಲುಬೆಗೆ ಇರಿಯೋದು ಅಂತೀಯಾ?"

"ನೀನು ಹಿಡಿದ ರೀತಿಗೆ ಅಂದೆ."

ಚಳಿ ಕಳೆಯುವ ಹೊತ್ತಿಗೆ ಛತ್ರದ ಉದ್ದ ಮೇಜಿಗೆ ಹಕ್ಕಿನ ಮನೆಯವರೆಲ್ಲ ಕೂತರು. ಹುಟ್ಟು ಹಿಡಿಯುವ ಸರದಿ ಮನೆಯಿಂದ ಮನೆಗೆ ಹೋಗುತ್ತದೆ, ಆ ವಸಂತದ ಸರದಿ ಕೆಳಗಿನ ಮನೆಯದು. ಸರದಿ ಬಂದ ಮನೆಯವರು ಸೌದೆ ಹಾಕಿ ರಸ ಕುದಿಸುತ್ತಾರೆ. ಶಿಲುಬೆ ಎಳೆಯುವುದು ಮಾತ್ರ ಯಾರ ಸರದಿಯಾದರೂ ಲೊರೆನ್ಸನೇ. ಯೋರ್ಗ್ ಇಲ್ಲವಲ್ಲ, ಆ ಮನೆಯ ಪರವಾಗಿ ಎಲ್ಲವನ್ನೂ ತಾನೇ ಮಾಡಿಬಿಡುತ್ತೇನೆಂದು ಲೊರೆನ್ಸ್ ಹೇಳುತ್ತಿದ್ದಾಗ ಬಾಗಿಲು ತೆರೆಯಿತು. ವಾಲ್ಬುರ್ಗಾ ಬಂದು ಯೋರ್ಗ್ ಕೂರುತ್ತಿದ್ದ ಜಾಗದಲ್ಲಿ ಕೂತಳು. ಆ ಮೇಜಿಗೆ ಹೆಂಗಸು ಕೂತದ್ದನ್ನು ನಮ್ಮೂರು ನೋಡಿರಲಿಲ್ಲ.

"ಹುಟ್ಟು ಮನೇದು, ಮೀಸೇದಲ್ಲ," ಅಂದಳು. "ನಮ್ಮ ಸರದಿ ನಾನು ಮಾಡ್ತೀನಿ."

ಯಾರೋ ಕಿಸಕ್ಕೆಂದರು. ಲೊರೆನ್ಸ್ ನಗಲಿಲ್ಲ.

"ಶಿಲುಬೆ ಯಾರು ಹಾಕ್ತಾರೆ?"

"ರಸಕ್ಕೆ ಯಾರೂ ಹಾಕೋದು ಬೇಡ. ತಿರುಗ್ತಿರೋದಕ್ಕೆ ಅಡ್ಡ ಹೋದ್ರೆ ಏನಾಗುತ್ತೆ ಅಂತ ಚಳಿಗಾಲವೆಲ್ಲ ಕುಡಿದ್ರಲ್ಲ."

ಮೇಜಿನ ಸುತ್ತ ಗದ್ದಲವೆದ್ದಿತು. ಒಬ್ಬ ಪಾದ್ರಿಯನ್ನು ಕೇಳಿ ಬರಲು ಓಡಿದ. ಯಾವ ಮನೆಯಲ್ಲಿ ಬಿಯರ್ ಕೊಟ್ಟರೂ ಬೇಡವೆನ್ನದ ನಮ್ಮ ಪಾದ್ರಿ, ಶಿಲುಬೆ ಎಲ್ಲಿ ಹಾಕಿದರೂ ದೇವರಿಗೆ ಕಾಣುತ್ತದೆ ಎಂದು ಹೇಳಿ ಕಳಿಸಿದ. ಲೊರೆನ್ಸನಿಗೆ ಅಲ್ಲೂ ಆಸರೆ ಸಿಗಲಿಲ್ಲ.

"ಆಯ್ತು," ಅಂದ ಅವನು. "ಮಾಡು. ಈ ಸಲನೂ ತೊಟ್ಟಿ ಕೆಟ್ರೆ ನಿನ್ನ ಬಾನಿ ಇನ್ನು ನಮ್ಮ ಸಾಲಲ್ಲಿ ನಿಲ್ಲೋ ಹಾಗಿಲ್ಲ. ಕೆಳಗಿನ ಮನೆ ಹಕ್ಕು ಅಲ್ಲಿಗೆ ಮುಗೀತು."

"ಕೆಡದಿದ್ರೆ?"

"ಕೆಡದಿದ್ರೆ ಏನು? ಯಾವತ್ತಿನ ಹಾಗೆ."

ಸೋತರೆ ಹಕ್ಕು ಹೋಗುತ್ತದೆ, ಗೆದ್ದರೆ ಏನೂ ಬರುವುದಿಲ್ಲ. ಬುದ್ಧಿಯಿರುವ ಯಾರೂ ಒಪ್ಪದ ಮಾತು. ಉಳಿದವರು ಅವಳ ಮುಖ ನೋಡಿದರು. ಹಕ್ಕು ಹೋದರೆ ತಾನು ಸತ್ತ ದಿನವೂ ಮೇಲಿನ ಮನೆಯಿಂದಲೇ ಪೀಪಾಯಿ ಉರುಳಿಬರಬೇಕು ಎಂಬುದು ವಾಲ್ಬುರ್ಗಾಳಿಗೆ ಚೆನ್ನಾಗಿ ಗೊತ್ತಿತ್ತು.

"ಆಯ್ತು," ಅಂದಳು.

ಬಿಯರಿನ ದಿನ ಬೆಳಗಾಗುತ್ತಲೇ ಕೊಪ್ಪರಿಗೆಯ ಅಡಿ ಉರಿ ಹಾಕಲು ಕೂತಳು. ಬೆಂಕಿ ಹಿಡಿಯಲು ಒಣಗಿದ ಕಟ್ಟಿಗೆ ಹುಡುಕಿದಳು. ತೊಟ್ಟಿಯ ಹಿಂದೆ ಗೋಡೆಗೆ ಒರಗಿಸಿಟ್ಟ, ತೊಟ್ಟಿ ಎತ್ತುವ ಬೆಣೆ ಕಣ್ಣಿಗೆ ಬಿತ್ತು, ಹಳೆಯ ಓಕ್ ಮರದ್ದು, ತಲೆಮಾರುಗಳಿಂದ ಒಣಗಿದ್ದು. ಅದನ್ನೇ ಮೊದಲು ಒಲೆಗೆ ಹಾಕಿದಳು. ಚೆನ್ನಾಗಿ ಉರಿಯಿತು.

ಮಧ್ಯಾಹ್ನದ ಹೊತ್ತಿಗೆ ಉಳಿದ ಆರು ಮನೆಯವರೂ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತರು. ಲೊರೆನ್ಸ್ ಕಪ್ಪು ಟೋಪಿ ಹಾಕಿಕೊಂಡೇ ಬಂದಿದ್ದ. ರಸ ಹೊಗೆಯಾಡುತ್ತ ತೊಟ್ಟಿಗೆ ಇಳಿಯಿತು. ವಾಲ್ಬುರ್ಗಾ ಅಂಗಿಯ ತೋಳು ಮಡಚಿ ಹುಟ್ಟು ಇಳಿಸಿದಳು. ಒಂದು ಸುತ್ತು, ಎರಡು ಸುತ್ತು, ಹಬೆ ಮುಖಕ್ಕೆ ಹೊಡೆದು ಕಣ್ಣು ಉರಿಯಿತು. ರಸ ಭಾರ, ಯೋರ್ಗನ ಉಳುವ ಎತ್ತನ್ನು ಎಳೆದ ಹಾಗಾಗುತ್ತಿತ್ತು. ನಿಲ್ಲಿಸಿದರೆ ಕೆಟ್ಟಿತು. ಉಸಿರು ಸಿಕ್ಕಿಹಾಕಿಕೊಂಡಾಗ ಅವಳು ಬೈಯತೊಡಗಿದಳು: ಅಜ್ಜಿಯನ್ನು, ಹಿತ್ತಲ ಬಾಗಿಲನ್ನು, ತನ್ನನ್ನು ಬಿಟ್ಟು ಮೊದಲೇ ಹೋದ ಯೋರ್ಗನನ್ನು. ಬೈಗುಳದ ತಾಳಕ್ಕೆ ಕಾಲು ಎದ್ದವು. ರಸ ಓಡಿತು. ನಡುವೆ ಕುಳಿ ಬಿದ್ದು ಆಳವಾಯಿತು.

ಆಗ ಹುಟ್ಟನ್ನು ನೆಟ್ಟಗೆ ಮೇಲೆತ್ತಿದಳು, ಒಂದು ಹನಿಯೂ ಅಡ್ಡ ಹಾಯದ ಹಾಗೆ. ಬಲಗೈಯಿಂದ ಹಣೆ, ಎದೆ, ಭುಜಗಳನ್ನು ಮುಟ್ಟಿಕೊಂಡಳು.

"ಶಿಲುಬೆ ಆಯ್ತು," ಅಂದಳು. "ತಿರುಗೋ ರಸಕ್ಕಲ್ಲ, ನಿಂತಿರೋ ನನ್ನ ಎದೆಗೆ ಹಾಕ್ಕೊಂಡೆ. ದೇವರು ಕಾಯ್ಲಿ."

ಲೊರೆನ್ಸ್ ಹುಟ್ಟಿನ ಕಡೆ ಹೆಜ್ಜೆ ಇಟ್ಟ. ವಾಲ್ಬುರ್ಗಾ ಹುಟ್ಟನ್ನು ಎರಡು ಬಾನಿಗಳ ಮೇಲೆ ಅಡ್ಡ ಇಟ್ಟು ಅದರ ಮೇಲೆ ಕೂತುಬಿಟ್ಟಳು.

"ಏಳು," ಅಂದ ಲೊರೆನ್ಸ್, ಪಿಸುದನಿಯಲ್ಲಿ.

"ಏಳಲ್ಲ. ಕಾಲು ನೋಯ್ತಿದೆ."

"ಏಳು ಅಂದೆ."

"ಎತ್ತೋ ಶಕ್ತಿ ಇದ್ರೆ ಎತ್ತು. ನಿಮ್ಮಜ್ಜಿ ಕೈಲೇ ಆಗ್ಲಿಲ್ಲ."

ಬಾಬೆಟ್ ಸೊಂಟದ ಮುಂದೆ ಕಟ್ಟಿದ ಅಡುಗೆಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಹೆಂಡತಿ ನಕ್ಕ ಮೇಲೆ ಲೊರೆನ್ಸ್ ಅವಳನ್ನು ಹೇಗೆ ಎತ್ತಾನು? ಕೈ ಕಟ್ಟಿ ನಿಂತ. ಎಲ್ಲರೂ ಕಾದರು. ರಸ ಓಡುವುದು ನಡಿಗೆಯಾಯಿತು, ನಡಿಗೆ ತೆವಳಿಕೆಯಾಯಿತು, ಕೊನೆಗೆ ಹಬೆಯಷ್ಟೇ ಮೇಲೆ ತಿರುಗುತ್ತಿತ್ತು. ಇನ್ನಷ್ಟು ಹೊತ್ತು ಕಾದು ವಾಲ್ಬುರ್ಗಾ ಎದ್ದಳು. ತನ್ನ ಬಾನಿಯನ್ನು ದರದರ ಎಳೆದು ತಂದು ನಲ್ಲಿಯ ಕೆಳಗೆ ಇಟ್ಟಳು.

"ಏಯ್, ಅದು ನಮ್ಮ ಜಾಗ," ಅಂದ ಲೊರೆನ್ಸ್. "ಕೆಳಗಿನ ಮನೆ ಕೊನೆಗೆ. ಯಾವತ್ತಿನ ಹಾಗೆ ಅಂತ ಮಾತಾಗಿದೆ."

"ಯಾವತ್ತೂ ಏನು ಹೇಳ್ತಿದ್ರಿ ನೀವು? ತೊಟ್ಟಿ ಒಂದೇ, ರಸ ಒಂದೇ, ನಮ್ಮ ನೆಲಮನೆ ಸರಿ ಇಲ್ಲ ಅಂತ. ಹೇಳಿದ್ರೋ ಇಲ್ವೋ?"

ವಾಲ್ಬುರ್ಗಾ ಬಾನಿಯ ಅಂಚಿನ ಮೇಲೆ ಎರಡೂ ಕೈಯೂರಿದಳು.

"ನನ್ನ ಮಾವನಿಗೆ ಹೇಳಿದ್ರಿ. ಯೋರ್ಗನಿಗೆ ಹೇಳಿದ್ರಿ, ಅವನು ನಂಬಿದ. ಪ್ರತಿ ವಸಂತ ನೆಲಮನೆಗೆ ಸುಣ್ಣ ಬಳೀತಿದ್ದ, ಪಾಪದವನು, ಬೆನ್ನು ಬಿದ್ದು ಹೋಗೋವರೆಗೂ ಬಳೀತಿದ್ದ. ಮೊದಲ ಬಾನಿನೂ ಕೊನೇ ಬಾನಿನೂ ಒಂದೇ ಆದ್ರೆ, ನಾನು ಮೊದಲು ಹಿಡಿದ್ರೆ ನಿಂಗೆ ನಷ್ಟ ಏನು ಲೊರೆನ್ಸ್? ಹೇಳು. ಎಲ್ಲರೂ ಇದ್ದಾರೆ."

ನಷ್ಟವಿದೆ ಎಂದರೆ ಅಷ್ಟೂ ವರ್ಷ ಗೊತ್ತಿದ್ದೇ ಕೆಸರು ಕುಡಿಸಿದೆವು ಎಂದು ಒಪ್ಪಿದಂತೆ. ಲೊರೆನ್ಸ್ ಕೆಟ್ಟವನಲ್ಲ, ಅದಕ್ಕೇ ಅವನಿಗೆ ಅಷ್ಟು ಕಷ್ಟವಾಯಿತು. ಗೋಡೆಗೆ ಒರಗಿದವರ ಕಡೆ ನೋಡಿದ. ಎಲ್ಲರೂ ತಮ್ಮ ತಮ್ಮ ಬಾನಿ ನೋಡಿಕೊಳ್ಳುತ್ತಿದ್ದರು.

"ನಷ್ಟ ಏನಿಲ್ಲ," ಅಂದ ತುಟಿಯೊಳಗೇ.

"ಜೋರಾಗಿ ಹೇಳು. ಕೇಳ್ಲಿಲ್ಲ."

"ನಷ್ಟ ಏನಿಲ್ಲ ಅಂದೆ!" ಎಂದು ಕೂಗಿದ. ಮಲಗಿದ ರಸದೆದುರು ಅಷ್ಟು ಜೋರು ಮಾತು ಆ ಮನೆ ಕೇಳಿರಲಿಲ್ಲ.

ವಾಲ್ಬುರ್ಗಾ ನಲ್ಲಿ ತಿರುಗಿಸಿದಳು. ಜೇನಿನ ಬಣ್ಣದ ತಿಳಿರಸ ಬಿತ್ತು. ಅವಳ ಬಾನಿಗಳು ತುಂಬಿದವು. ಅವಳ ಹಿಂದೆ ಹಳ್ಳದ ಕಡೆಯಿಂದ ಎರಡನೇ ಮನೆ, ಅದರ ಹಿಂದೆ ಮೂರನೆಯದು, ಹೀಗೆ ಸಾಲು ತಾನಾಗಿಯೇ ತಲೆಕೆಳಗಾಗಿ ನಿಂತಿತು. ತುಂಬಿದವರು ಗಾಡಿ ಹೇರಿಕೊಂಡು ಹೊರಟರು. ವಾಲ್ಬುರ್ಗಾ ಹೊರಡಲಿಲ್ಲ, ಬಾಗಿಲಿಗೆ ಒರಗಿ ನಿಂತಳು.

ಕೊನೆಯ ಬಾನಿ ಲೊರೆನ್ಸನದು. ತೊಟ್ಟಿಯಲ್ಲಿ ರಸ ಇಳಿಯುತ್ತ ಬಂತು, ನಡುವೆ ಗಸಿಯ ಗುಡ್ಡೆ ಹಿಟ್ಟಿನ ಮುದ್ದೆಯ ಹಾಗೆ ತಲೆ ಎತ್ತಿತು. ಲೊರೆನ್ಸ್ ಅದನ್ನು ನೋಡಲಿಲ್ಲ, ನಲ್ಲಿಯನ್ನೇ ನೋಡುತ್ತಿದ್ದ. ಹುಟ್ಟಿದ ಮೇಲೆ ಮೊದಲ ಸಲ ಅವನು ಆ ನಲ್ಲಿಯೆದುರು ಕೊನೆಯವನಾಗಿ ಮಂಡಿಯೂರಿದ್ದ. ಈಗ ಬಣ್ಣ ತಿರುಗುತ್ತದೆ, ಇಗೋ ಈಗ ತಿರುಗುತ್ತದೆ ಎಂದು ಕಾಯುವ ಮನುಷ್ಯನ ಮುಖ ಹೇಗಿರುತ್ತದೆಂದು ವಾಲ್ಬುರ್ಗಾಳಿಗೆ ಗೊತ್ತಿತ್ತು, ಯೋರ್ಗನ ಮುಖದಲ್ಲಿ ಅದನ್ನು ಎಷ್ಟೋ ಸಲ ನೋಡಿದ್ದಳು. ಈಗ ಅದನ್ನೇ ಲೊರೆನ್ಸನ ಮುಖದಲ್ಲಿ ನೋಡುತ್ತ ನಿಂತಳು. ಟೋಪಿ ಕಿವಿಯ ಮೇಲೆ ಜಾರಿದ್ದೂ ಅವನಿಗೆ ಗೊತ್ತಾಗಲಿಲ್ಲ.

ನಲ್ಲಿ ತೊಟ್ಟಿಕ್ಕಿ ನಿಂತಿತು. ಅವನು ಬಾನಿಯೊಳಕ್ಕೆ ಬಗ್ಗಿ ಬಹಳ ಹೊತ್ತು ನೋಡಿದ. ತಳದ ಹಲಗೆಯ ಗೆರೆ ಕಾಣುತ್ತಿತ್ತು.

"ತಿಳಿಯಾಗಿದೆ," ಅಂದ ಕೊನೆಗೆ.

"ಅದು ನಂಗೆ ಗೊತ್ತು," ಅಂದಳು ವಾಲ್ಬುರ್ಗಾ. "ನಾನು ನಿಂತಿದ್ದು ರಸ ನೋಡೋಕಲ್ಲ."

ಗಾಡಿಯ ಹಿಡಿ ಹಿಡಿದು ಬೀದಿಯ ನಡುವಿನಲ್ಲೇ ಇಳಿದು ಹೋದಳು.